ಬಸಿರಿನ ದಿನಗಳಲ್ಲಿ ರಾಸಾಯನಿಕಗಳಿಂದ ದೂರವಿರುವುದು: ಮನೆಯವರೆಲ್ಲ ಕೂಡಿ ಮಾಡಬೇಕಾದ ಕೆಲಸ

ಗರ್ಭ ನಿಂತಿರುವುದು ಖಾತ್ರಿಯಾಗುವ ಹೊತ್ತಿಗೆ ಹೆಚ್ಚಿನ ಮಹಿಳೆಯರಿಗೆ ಐದಾರು ವಾರ ಕಳೆದಿರುತ್ತದೆ. ಮುಂದೆ ಮಗುವಿನ ಮಿದುಳು ಮತ್ತು ಬೆನ್ನುಹುರಿಯಾಗಿ ಬೆಳೆಯುವ ನರನಾಳವು ಗರ್ಭಧಾರಣೆಯಾದ ಸುಮಾರು 28 ದಿನಗಳೊಳಗೆ ಮುಚ್ಚಿಕೊಳ್ಳುತ್ತದೆ. ಎಂಟು ವಾರ ತುಂಬುವಷ್ಟರಲ್ಲಿ ಹೃದಯ, ಕೈಕಾಲು, ಕಣ್ಣು, ಕಿವಿಗಳ ಮೂಲರೂಪ ಸಿದ್ಧವಾಗಿರುತ್ತದೆ. ಅಂದರೆ ಅತ್ಯಂತ ಸೂಕ್ಷ್ಮವಾದ ಕಾಲದ ಒಂದು ದೊಡ್ಡ ಪಾಲು ತಾಯಿ ಕಾರ್ಡ್ ಮಾಡಿಸುವ ಮೊದಲೇ ಮುಗಿದಿರುತ್ತದೆ. ಆದ್ದರಿಂದ ಈ ಲೇಖನವನ್ನು ಈಗಾಗಲೇ ಗರ್ಭಿಣಿಯಾಗಿರುವವರು ಮಾತ್ರವಲ್ಲ, ಮಗು ಬೇಕೆಂದು ಯೋಚಿಸುತ್ತಿರುವ ದಂಪತಿಗಳೂ ಅವರ ಮನೆಯ ಹಿರಿಯರೂ ಓದಬೇಕೆಂದು ನನ್ನ ಕೋರಿಕೆ.

ತಾಯಿಯ ಮೈಗೆ ಸೇರಿದ್ದನ್ನೆಲ್ಲ ಮಾಸು (ಪ್ಲಾಸೆಂಟಾ) ಸೋಸಿ, ಒಳ್ಳೆಯದನ್ನಷ್ಟೇ ಮಗುವಿಗೆ ಕೊಡುತ್ತದೆ ಎಂದು ವೈದ್ಯರೇ ನಂಬಿದ್ದ ಕಾಲವೊಂದಿತ್ತು. 1957ರಲ್ಲಿ ಪಶ್ಚಿಮ ಜರ್ಮನಿಯಲ್ಲಿ ಮಾರಾಟಕ್ಕೆ ಬಂದು, 1961ರ ಕೊನೆಯಲ್ಲಿ ಹಿಂತೆಗೆದುಕೊಳ್ಳಲಾದ, ಗರ್ಭಿಣಿಯರೂ ನುಂಗುತ್ತಿದ್ದ ಥಾಲಿಡೊಮೈಡ್ ಮಾತ್ರೆ ಹೊಟ್ಟೆಯಲ್ಲಿದ್ದ ಸಾವಿರಾರು ಮಕ್ಕಳ ಕೈಕಾಲುಗಳನ್ನು ಊನಗೊಳಿಸಿದ ಮೇಲೆ ಆ ನಂಬಿಕೆ ಕುಸಿಯಿತು. ಜಪಾನಿನ ಮಿನಮಾಟದಲ್ಲಿ ಪಾದರಸ ಬೆರೆತ ಮೀನು ತಿಂದ ತಾಯಂದಿರಲ್ಲಿ ಕೆಲವರಿಗೆ ರೋಗದ ಲಕ್ಷಣ ಹೆಚ್ಚೇನೂ ಕಾಣಿಸದೆ, ಅವರ ಹೊಟ್ಟೆಯಲ್ಲಿದ್ದ ಮಗುವಿನ ಮಿದುಳಿಗೆ ಪೂರ್ತಿ ಪೆಟ್ಟು ಬಿದ್ದಿತ್ತು. ಸೀಸ, ಪಾದರಸ, ನಿಕೋಟಿನ್, ಇಂಗಾಲದ ಮಾನಾಕ್ಸೈಡ್ ಮತ್ತು ಅನೇಕ ಕೀಟನಾಶಕಗಳು ಮಾಸನ್ನು ದಾಟುತ್ತವೆ ಎಂಬುದರಲ್ಲಿ ಈಗ ಸಂಶಯವಿಲ್ಲ.

ಇದನ್ನು ಹೆದರಿಸಲು ಬರೆಯುತ್ತಿಲ್ಲ. ಜಗತ್ತಿನಲ್ಲಿರುವ ರಾಸಾಯನಿಕಗಳನ್ನೆಲ್ಲ ತಪ್ಪಿಸಿಕೊಂಡು ಬದುಕಲು ಯಾರಿಂದಲೂ ಆಗುವುದಿಲ್ಲ, ಹಾಗೆ ಮಾಡಬೇಕಾದ ಅಗತ್ಯವೂ ಇಲ್ಲ. ಪ್ರತಿ ಮನೆಯಲ್ಲೂ ನಿಜವಾಗಿ ಕಾಡುವ ಮೂಲಗಳು ಒಂದೆರಡೇ ಇರುತ್ತವೆ. ಬೀಡಿ ಕಟ್ಟುವವರ ಮನೆಯಲ್ಲಿ ಅದು ಒಂದಾದರೆ, ದ್ರಾಕ್ಷಿ ಬೆಳೆಯುವವರ ಮನೆಯಲ್ಲಿ ಇನ್ನೊಂದು, ಬೆಂಗಳೂರಿನ ಬಾಡಿಗೆ ಮನೆಯಲ್ಲಿ ಮತ್ತೊಂದು. ಆ ಒಂದೆರಡನ್ನು ಹುಡುಕಿ, ಅದು ಮೈ ಸೇರುವ ದಾರಿಯನ್ನು ಕಡಿಯುವುದೇ ನಾವು ಮಾಡಬೇಕಾದ ಕೆಲಸ.

ಮೊದಲ ಹೆಜ್ಜೆ: ಒಂದು ಪಟ್ಟಿ

ವಿಷ ಮೈ ಸೇರುವುದು ಉಸಿರಿನಿಂದ, ಬಾಯಿಯಿಂದ ಅಥವಾ ಚರ್ಮದಿಂದ. ಒಂದು ಹಾಳೆ ತೆಗೆದುಕೊಂಡು ಈ ಮೂರನ್ನೂ ಬರೆದು, ಬೆಳಗ್ಗೆ ಎದ್ದಾಗಿನಿಂದ ರಾತ್ರಿ ಮಲಗುವ ತನಕ ಗರ್ಭಿಣಿಯು ಏನನ್ನು ಉಸಿರಾಡುತ್ತಾಳೆ, ಏನನ್ನು ತಿಂದು ಕುಡಿಯುತ್ತಾಳೆ, ಏನನ್ನು ಮುಟ್ಟುತ್ತಾಳೆ ಎಂದು ಗುರುತು ಹಾಕಿಕೊಳ್ಳಿ. ಮನೆಯಲ್ಲಿ ಕೆಲಸಕ್ಕೆ ಹೋಗುವ ಇತರರು ಮೈ ಮೇಲೆ ಏನನ್ನು ಹೊತ್ತು ತರುತ್ತಾರೆ ಎಂಬುದನ್ನೂ ಸೇರಿಸಿ. ಬ್ಯಾಟರಿ ರಿಪೇರಿ, ಗುಜರಿ, ಪೇಂಟಿಂಗ್, ಔಷಧಿ ಹೊಡೆಯುವುದು, ಚಿನ್ನಬೆಳ್ಳಿ ಕೆಲಸ, ಇವುಗಳಲ್ಲಿ ತೊಡಗಿದವರ ಬಟ್ಟೆ, ಚಪ್ಪಲಿ, ತಲೆಗೂದಲಿನಲ್ಲೇ ವಿಷ ಮನೆಯೊಳಗೆ ಬರುತ್ತದೆ. ಆ ಬಟ್ಟೆಯನ್ನು ಒಗೆಯುವವಳು ಗರ್ಭಿಣಿಯೇ ಆಗಿದ್ದರೆ ಕಾರ್ಖಾನೆಗೆ ಕಾಲಿಡದೆಯೂ ಅವಳು ಕಾರ್ಖಾನೆಯ ಧೂಳನ್ನು ಉಣ್ಣುತ್ತಾಳೆ. ಕೆಲಸದಿಂದ ಬಂದವರು ಹಿತ್ತಲಲ್ಲೇ ಬಟ್ಟೆ ಬದಲಿಸಿ, ಸ್ನಾನ ಮಾಡಿ ಒಳಗೆ ಬರಲಿ. ತಮ್ಮ ಬಟ್ಟೆಯನ್ನು ತಾವೇ ಬೇರೆಯಾಗಿ ಒಗೆದುಕೊಳ್ಳಲಿ.

ಎರಡನೆಯದು: ಸೀಸ

ಸೀಸದ ಬಗ್ಗೆ ಹೆಚ್ಚು ಹೇಳಬೇಕಾಗಿದೆ, ಏಕೆಂದರೆ ಅದರ ಹಾನಿ ಎಷ್ಟು ಖಚಿತವೋ ನಮ್ಮ ಮನೆಗಳಲ್ಲಿ ಅದರ ಅರಿವು ಅಷ್ಟೇ ಕಡಿಮೆ. ಇಷ್ಟು ಸೀಸ ಮೈಗೆ ಸೇರಿದರೆ ತೊಂದರೆಯಿಲ್ಲ ಎನ್ನುವ ಮಟ್ಟವೇ ಇಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಗರ್ಭಿಣಿಯಲ್ಲಿ ಅದು ರಕ್ತದೊತ್ತಡ ಏರಲು, ಗರ್ಭಪಾತಕ್ಕೆ, ದಿನ ತುಂಬುವ ಮೊದಲೇ ಹೆರಿಗೆಯಾಗಲು, ಮಗುವಿನ ತೂಕ ಕಡಿಮೆಯಾಗಲು ಕಾರಣವಾಗಬಹುದು. ಮಗುವಿನ ಮಿದುಳಿಗೆ ಆದ ಹಾನಿ ಮುಂದೆ ಕಲಿಕೆಯಲ್ಲಿ, ಗಮನದಲ್ಲಿ, ನಡವಳಿಕೆಯಲ್ಲಿ ಕಾಣಿಸಿಕೊಳ್ಳುತ್ತದೆ. ದೊಡ್ಡವರ ಮೈಯಲ್ಲಿರುವ ಸೀಸದ ಶೇ 90ಕ್ಕೂ ಹೆಚ್ಚು ಭಾಗ ಮೂಳೆಗಳಲ್ಲಿ ದಶಕಗಟ್ಟಲೆ ಕುಳಿತಿರುತ್ತದೆ. ಮಗುವಿನ ಮೂಳೆ ಬೆಳೆಯಲು ಸುಣ್ಣದ ಅಂಶ ಬೇಕಾದಾಗ ತಾಯಿಯ ಮೂಳೆ ಕರಗುತ್ತದೆ, ಅದರ ಜೊತೆಗೆ ಬಾಲ್ಯದಲ್ಲಿ ಸೇರಿದ್ದ ಸೀಸವೂ ರಕ್ತಕ್ಕೆ ಇಳಿಯುತ್ತದೆ. ಆದ್ದರಿಂದ ಆರೋಗ್ಯ ಕೇಂದ್ರದಲ್ಲಿ ಕೊಡುವ ಕ್ಯಾಲ್ಸಿಯಂ ಮತ್ತು ಕಬ್ಬಿಣಾಂಶದ ಮಾತ್ರೆಗಳನ್ನು ಬಿಡದೆ ನುಂಗುವುದು ಸೀಸದ ವಿರುದ್ಧವೂ ಒಂದು ರಕ್ಷಣೆ: ಈ ಎರಡೂ ಕಡಿಮೆಯಿರುವ ಮೈ ಸೀಸವನ್ನು ಹೆಚ್ಚಾಗಿ ಹೀರುತ್ತದೆ. ಎರಡು ಮಾತ್ರೆಗಳನ್ನೂ ಒಟ್ಟಿಗೆ ನುಂಗದೆ, ನಡುವೆ ಕೆಲವು ಗಂಟೆ ಬಿಡಿ.

ಇನ್ನು ಅದು ಎಲ್ಲಿರುತ್ತದೆ ಎನ್ನುವುದಕ್ಕೆ ಬಾಂಗ್ಲಾದೇಶದ ಒಂದು ನಿಜ ಸಂಗತಿ ಹೇಳುತ್ತೇನೆ. ಅಲ್ಲಿನ ಹಳ್ಳಿಗಳ ಗರ್ಭಿಣಿಯರ ರಕ್ತದಲ್ಲಿ ಸೀಸ ಹೆಚ್ಚಿರುವುದು ಕಂಡುಬಂತು. ಸುತ್ತಮುತ್ತ ಕಾರ್ಖಾನೆಯಿಲ್ಲ, ವಾಹನಗಳ ಹೊಗೆಯೂ ಇಲ್ಲ. ಸಂಶೋಧಕರು ಮನೆಮನೆಯ ಸಾಮಾನು ಪರೀಕ್ಷಿಸುತ್ತಾ ಹೋದಾಗ ಕೊನೆಗೆ ಸಿಕ್ಕಿದ್ದು ಅರಿಸಿನದ ಡಬ್ಬಿ. ಮಂಕಾದ ಅರಿಸಿನ ಕೊಂಬಿಗೆ ಹೊಳಪು ಬರಲೆಂದು ವ್ಯಾಪಾರಿಗಳು ಲೆಡ್ ಕ್ರೋಮೇಟ್ ಎಂಬ ಹಳದಿ ಬಣ್ಣ ಹಚ್ಚುತ್ತಿದ್ದರು. 2019ರಲ್ಲಿ ಸರ್ಕಾರ ಬಿಗಿಯಾಗಿ ಕ್ರಮ ಕೈಗೊಂಡ ಮೇಲೆ ಮಾರುಕಟ್ಟೆಯಲ್ಲಿ ಕಲಬೆರಕೆ ಅರಿಸಿನದ ಪ್ರಮಾಣ ಶೇ 47ರಿಂದ 2021ರ ಹೊತ್ತಿಗೆ ಸೊನ್ನೆಗೆ ಇಳಿಯಿತು. ಅರಿಸಿನದಲ್ಲಿ ಸೀಸವಿದೆಯೇ ಎಂದು ಮನೆಯಲ್ಲಿ ನಂಬುವಂತೆ ಪರೀಕ್ಷಿಸಲು ಬರುವುದಿಲ್ಲ. ಕಣ್ಣಿಗೆ ಕುಕ್ಕುವಷ್ಟು ಹಳದಿಯಾದ ಬಿಡಿ ಪುಡಿಯನ್ನು ಬಿಟ್ಟು, ಪರವಾನಗಿ ಸಂಖ್ಯೆಯಿರುವ ಪೊಟ್ಟಣವನ್ನು ಕೊಳ್ಳಿ. ಗುರುತಿನ ರೈತರಿಂದ, ಬಣ್ಣ ಹಚ್ಚದ ಕೊಂಬು ಸಿಕ್ಕಿದರೆ ಇನ್ನೂ ಒಳ್ಳೆಯದು.

ಸುಣ್ಣಬಣ್ಣದ ವಿಷಯಕ್ಕೆ ಬಂದರೆ, ಮನೆಗೆ ಬಳಿಯುವ ಪೇಂಟಿನಲ್ಲಿ ಸೀಸ 90 ಪಿಪಿಎಂ (ಹತ್ತು ಲಕ್ಷ ಭಾಗದಲ್ಲಿ 90 ಭಾಗ) ಮೀರಬಾರದೆಂಬ ನಿಯಮ ನಮ್ಮ ದೇಶದಲ್ಲಿ 2017ರ ನವೆಂಬರ್ 1ರಿಂದ ಜಾರಿಯಲ್ಲಿದೆ. ಅದಕ್ಕಿಂತ ಹಳೆಯ ಕಿಟಕಿ, ಬಾಗಿಲು, ಗ್ರಿಲ್‌ಗಳ ಎನಾಮೆಲ್ ಬಣ್ಣದಲ್ಲಿ ಬೇಕಾದಷ್ಟು ಸೀಸ ಇರಬಹುದು. ಸೀಮಂತಕ್ಕೋ ಬಾಣಂತನಕ್ಕೋ ಮನೆ ಚೆನ್ನಾಗಿ ಕಾಣಲೆಂದು ಏಳನೆಯ ತಿಂಗಳಿನಲ್ಲಿ ಹಳೆಯ ಬಣ್ಣವನ್ನು ಉಜ್ಜಿ ಕೆರೆಸುವ ರೂಢಿ ಬಹಳ ಮನೆಗಳಲ್ಲಿದೆ. ದಯವಿಟ್ಟು ಆ ಕೆಲಸವನ್ನು ಮುಂದೂಡಿ. ಮಾಡಿಸಲೇಬೇಕಾದರೆ ಗರ್ಭಿಣಿಯನ್ನೂ ಚಿಕ್ಕ ಮಕ್ಕಳನ್ನೂ ಬೇರೆ ಮನೆಯಲ್ಲಿರಿಸಿ, ಮೇಲ್ಮೈಯನ್ನು ಒದ್ದೆ ಮಾಡಿಕೊಂಡು ಕೆರೆಸಿ, ಕೆಲಸ ಮುಗಿದ ಮೇಲೆ ಪೊರಕೆ ಹಿಡಿಯದೆ ಒದ್ದೆ ಬಟ್ಟೆಯಿಂದ ಎರಡು ಮೂರು ಸಲ ಒರೆಸಿ, ಆ ಬಳಿಕವೇ ಅವರನ್ನು ಕರೆತನ್ನಿ.

ಅಡುಗೆ ಮನೆಯಲ್ಲಿ ನೋಡಬೇಕಾದದ್ದು ಕಲಾಯಿ. ಹಿತ್ತಾಳೆ ಪಾತ್ರೆಗೆ ಶುದ್ಧ ತವರದ ಕಲಾಯಿ ಹಾಕಿದ್ದರೆ ಅಡ್ಡಿಯಿಲ್ಲ. ಬೆಲೆ ಉಳಿಸಲು ಅದಕ್ಕೆ ಸೀಸ ಬೆರೆಸಿದ್ದರೆ ಹುಣಸೆಹುಳಿ, ಟೊಮೆಟೊ, ಮಜ್ಜಿಗೆಗಳು ಅದನ್ನು ಕರಗಿಸಿ ಅಡುಗೆಗೆ ಸೇರಿಸುತ್ತವೆ. ಸಾರಿಗೆಂದು ಕೊಳ್ಳುವ ಈಯದ (ತವರದ) ಚೊಂಬಿನ ವಿಚಾರದಲ್ಲೂ ಇದೇ ಎಚ್ಚರ ಬೇಕು. ಗುಜರಿ ಲೋಹ ಕರಗಿಸಿ ಎರಕ ಹೊಯ್ದ ಅಗ್ಗದ ಅಲ್ಯೂಮಿನಿಯಂ ಪಾತ್ರೆಗಳಲ್ಲಿಯೂ ಸೀಸ ಇರುವುದುಂಟು. ಬಸಿರು ಮತ್ತು ಬಾಣಂತನದ ಕಾಲದಲ್ಲಿ ಹುಳಿ ಪದಾರ್ಥಕ್ಕೆಲ್ಲ ಸ್ಟೀಲ್ ಪಾತ್ರೆಯೇ ಸಾಕು. ಹಣೆಗಿಡುವ ಸಿಂಧೂರ, ಕುಂಕುಮಗಳಲ್ಲಿ ಕೆಲವಕ್ಕೆ ಸೀಸದ ಆಕ್ಸೈಡ್ ಬೆರೆಸಿರುತ್ತಾರೆ. ಹಚ್ಚಿಕೊಂಡ ಕೈಯನ್ನು ಊಟಕ್ಕೆ ಮೊದಲು ತೊಳೆಯಬೇಕು. ಅರಿಸಿನದಿಂದಲೇ ಮಾಡಿದ ಕುಂಕುಮ ಸಿಕ್ಕಿದರೆ ಅದನ್ನೇ ಬಳಸಬಹುದು.

ಎರಡು ಸಂಗತಿಗಳನ್ನು ಮನೆಯವರು ಹೇಳಲು ಹಿಂಜರಿಯುತ್ತಾರೆ. ಒಂದು, ಬಯಕೆಯೆಂದು ಕೆಮ್ಮಣ್ಣು, ಒಲೆಮಣ್ಣು, ಸೀಮೆಸುಣ್ಣ ತಿನ್ನುವುದು. ಇದು ಹಲವು ಸಲ ರಕ್ತಹೀನತೆಯ ಲಕ್ಷಣ, ಆ ಮಣ್ಣಿನಲ್ಲಿ ಸೀಸವೂ ಜಂತಿನ ಮೊಟ್ಟೆಯೂ ಇರಬಹುದು. ಗದರಿಸಿದರೆ ಬಚ್ಚಿಟ್ಟುಕೊಂಡು ತಿನ್ನುತ್ತಾರೆ. ಹಿಮೋಗ್ಲೋಬಿನ್ ಪರೀಕ್ಷೆ ಮಾಡಿಸುವುದೇ ಸರಿಯಾದ ದಾರಿ. ಇನ್ನೊಂದು, ಗರ್ಭ ನಿಲ್ಲಲಿ, ಮಗು ಗಟ್ಟಿಯಾಗಲಿ ಎಂದು ಯಾರೋ ಕೊಟ್ಟ ಗುಳಿಗೆ, ಭಸ್ಮಗಳು. ಲೋಹ ಸೇರಿಸಿ ಮಾಡುವ ಕೆಲವು ರಸೌಷಧಗಳಲ್ಲಿ ಸೀಸ, ಪಾದರಸ, ಆರ್ಸೆನಿಕ್ ಇರುತ್ತವೆ. 2011 ಮತ್ತು 2012ರಲ್ಲಿ ನ್ಯೂಯಾರ್ಕ್ ನಗರದಲ್ಲಿ ಭಾರತದಲ್ಲಿ ತಯಾರಾದ ಇಂಥ ಔಷಧ ಸೇವಿಸಿದ್ದ ಆರು ಮಂದಿ ಗರ್ಭಿಣಿಯರ ರಕ್ತದಲ್ಲಿ ಸೀಸ ಪತ್ತೆಯಾದದ್ದು ದಾಖಲಾಗಿದೆ. ಹೊರದೇಶದಲ್ಲಿರುವ ಮಗಳ ಬಾಣಂತನಕ್ಕೆ ಹೊರಟ ತಾಯಂದಿರು ಮೆಂತ್ಯ, ಶುಂಠಿ, ಅಂಟಿನುಂಡೆಗಳನ್ನು ಸಂತೋಷದಿಂದ ಒಯ್ಯಲಿ. ಪದಾರ್ಥಗಳ ಪಟ್ಟಿಯಿಲ್ಲದ ಪುಡಿಯ ಪೊಟ್ಟಣವನ್ನು ಮಾತ್ರ ಇಲ್ಲೇ ಬಿಟ್ಟು ಹೋಗಲಿ.

ಮೂರನೆಯದು: ಹೊಗೆ

ಸೌದೆ ಒಲೆಯ ಹೊಗೆಯಲ್ಲಿರುವ ಇಂಗಾಲದ ಮಾನಾಕ್ಸೈಡ್ ತಾಯಿಯ ರಕ್ತ ಹೊತ್ತೊಯ್ಯಬೇಕಾದ ಆಮ್ಲಜನಕದ ಜಾಗವನ್ನು ಕಸಿದುಕೊಳ್ಳುತ್ತದೆ, ಮಗುವಿನ ರಕ್ತ ಅದನ್ನು ಇನ್ನೂ ಬಿಗಿಯಾಗಿ ಹಿಡಿದುಕೊಳ್ಳುತ್ತದೆ. ಕಡಿಮೆ ತೂಕದ ಮಗು ಹುಟ್ಟಲು ಇದೊಂದು ಮುಖ್ಯ ಕಾರಣ. ಗ್ಯಾಸ್ ಇದ್ದರೂ ಸ್ನಾನದ ನೀರಿಗೆ, ಮುದ್ದೆಗೆ, ರೊಟ್ಟಿಗೆ ಸೌದೆಯನ್ನೇ ಉರಿಸುವ ಮನೆಗಳಲ್ಲಿ ಒಂಬತ್ತು ತಿಂಗಳ ಮಟ್ಟಿಗೆ ಒಲೆಯ ಮುಂದೆ ಬೇರೆಯವರು ಕುಳಿತುಕೊಳ್ಳಲಿ. ಮುಚ್ಚಿದ ಬಚ್ಚಲಿನಲ್ಲಿ ಉರಿಯುವ ಗ್ಯಾಸ್ ಗೀಸರ್ ಕೂಡ ಇದೇ ಅನಿಲವನ್ನು ಉಗುಳಬಲ್ಲದು. ಗಾಳಿ ಆಡದ ಬಚ್ಚಲಿಗೆ ಅದು ಬೇಡವೇ ಬೇಡ.

ಮುಚ್ಚಿದ ಕೋಣೆಯಲ್ಲಿ ಒಂದು ಸೊಳ್ಳೆಬತ್ತಿ ಪೂರ್ತಿ ಉರಿದರೆ ಅದರಿಂದ ಹೊರಬರುವ ಸೂಕ್ಷ್ಮ ಕಣಗಳು 75ರಿಂದ 137 ಸಿಗರೇಟುಗಳ ಹೊಗೆಗೆ ಸಮ ಎಂದು 2003ರ ಒಂದು ಅಧ್ಯಯನ ತೋರಿಸಿತ್ತು. ಹಾಗೆಂದು ಸೊಳ್ಳೆಗಳಿಗೆ ಮೈಯೊಡ್ಡಿ ಮಲಗಬಾರದು, ಗರ್ಭಿಣಿಗೆ ಮಲೇರಿಯಾ, ಡೆಂಗಿ ಬಂದರೆ ಅಪಾಯ ದೊಡ್ಡದು. ಸೊಳ್ಳೆಪರದೆ ಕಟ್ಟಿ, ಕಿಟಕಿಗೆ ಜಾಲರಿ ಹಾಕಿಸಿ, ಡ್ರಮ್ಮಿನ ನೀರನ್ನು ಮುಚ್ಚಿಡಿ. ಬಾಣಂತಿಯ ಕೂದಲಿಗೂ ಮಗುವಿಗೂ ಕೆಂಡದ ಮೇಲೆ ಸಾಂಬ್ರಾಣಿ ಹಾಕಿ ಹೊಗೆ ಕೊಡುವ ಪದ್ಧತಿಯನ್ನು ಹಿರಿಯರು ಪ್ರೀತಿಯಿಂದಲೇ ನಡೆಸಿಕೊಂಡು ಬಂದಿದ್ದಾರೆ. ಆದರೆ ಹಸುಗೂಸಿನ ಶ್ವಾಸಕೋಶಕ್ಕೆ ಆ ಹೊಗೆ ಭಾರ. ತಲೆಯನ್ನು ಬಿಸಿಲಿನಲ್ಲಿ ಒಣಗಿಸಿಕೊಳ್ಳಬಹುದು.

ಬೀಡಿ, ಸಿಗರೇಟು ಸೇದುವವರು ಮನೆಯ ಹೊರಗೆ ಹೋಗಿ ಸೇದಿದರೆ ಸ್ವಲ್ಪ ವಾಸಿ, ಬಿಟ್ಟರೆ ಪೂರ್ತಿ ವಾಸಿ. ಎಲೆಅಡಿಕೆಯ ಜೊತೆ ಹೊಗೆಸೊಪ್ಪು ಹಾಕಿಕೊಳ್ಳುವುದೂ ಮಗುವಿನ ಪಾಲಿಗೆ ಸೇದಿದಷ್ಟೇ ಕೆಟ್ಟದ್ದು. ದಕ್ಷಿಣ ಕನ್ನಡ, ಉಡುಪಿಯ ಕಡೆ ಜಗುಲಿಯಲ್ಲಿ ಕುಳಿತು ಬೀಡಿ ಕಟ್ಟುವ ತಾಯಂದಿರು ತಾವು ತಂಬಾಕು ಮುಟ್ಟುತ್ತಿದ್ದೇವೆಯೇ ಹೊರತು ಸೇವಿಸುತ್ತಿಲ್ಲ ಎಂದುಕೊಳ್ಳುತ್ತಾರೆ. ಬೆವರಿದ ಬೆರಳುಗಳಿಂದ ನಿಕೋಟಿನ್ ಮೈಗೆ ಇಳಿಯುತ್ತದೆ, ಮೊರದಿಂದೇಳುವ ಪುಡಿ ಮೂಗಿಗೆ ಹೋಗುತ್ತದೆ. ಹುಣಸೂರು, ಪಿರಿಯಾಪಟ್ಟಣದ ಹೊಲಗಳಲ್ಲಿ ಒದ್ದೆಯಾದ ಹಸಿ ತಂಬಾಕಿನ ಎಲೆ ಕೀಳುವವರಿಗೆ ತಲೆಸುತ್ತು, ವಾಂತಿ ಬರುವುದೂ ಇದರಿಂದಲೇ. ಸಾಧ್ಯವಿದ್ದರೆ ಈ ಕೆಲಸವನ್ನು ಬಿಡಿಸಿ. ಅದೇ ಕೂಲಿಯಿಂದ ಮನೆ ನಡೆಯುವುದಾದರೆ ಗಾಳಿಯಾಡುವ ಕಡೆ ಕುಳಿತು, ಪ್ರತ್ಯೇಕ ಸೀರೆಯೋ ಮೇಲಂಗಿಯೋ ಹಾಕಿಕೊಂಡು, ನೀರು ಕುಡಿಯುವ ಮೊದಲೂ ಸೋಪು ಹಚ್ಚಿ ಕೈ ತೊಳೆದು, ತಂಬಾಕಿನ ಚೀಲವನ್ನು ಮಲಗುವ ಕೋಣೆಯಿಂದ ಆಚೆ ಇಡುವುದು ಅತಿ ಕಡಿಮೆಯೆಂದರೂ ಮಾಡಬಹುದಾದದ್ದು.

ನಾಲ್ಕನೆಯದು: ಹೊಲ ತೋಟದ ಔಷಧಿ

ಹೊಲಕ್ಕೆ ಹೊಡೆಯುವ ವಿಷವನ್ನು ನಾವು ಔಷಧಿ ಎನ್ನುತ್ತೇವೆ. ಆ ಹೆಸರೇ ಎಚ್ಚರವನ್ನು ಕಡಿಮೆ ಮಾಡುತ್ತದೆಯೆಂದು ನನ್ನ ಅನಿಸಿಕೆ. ಕಾಸರಗೋಡಿನಲ್ಲಿ, ನಮ್ಮ ದಕ್ಷಿಣ ಕನ್ನಡದ ಕೊಕ್ಕಡ, ಪಟ್ರಮೆ, ನಿಡ್ಲೆಯ ಸುತ್ತಮುತ್ತ ಗೇರುತೋಟಗಳಿಗೆ ಆಕಾಶದಿಂದ ಎಂಡೋಸಲ್ಫಾನ್ ಸುರಿದ ವರ್ಷಗಳ ನಂತರ, ಹುಟ್ಟಿನಿಂದಲೇ ಅಂಗವೈಕಲ್ಯ, ಬುದ್ಧಿಮಾಂದ್ಯತೆಗಳಿರುವ ಮಕ್ಕಳನ್ನು ಎತ್ತಿಕೊಂಡು ತಾಯಂದಿರು ನ್ಯಾಯ ಕೇಳಬೇಕಾಯಿತು. 2011ರ ಮೇ 13ರಂದು ಸುಪ್ರೀಂ ಕೋರ್ಟ್ ಅದರ ತಯಾರಿಕೆ, ಮಾರಾಟ, ಬಳಕೆಗಳನ್ನು ದೇಶದಾದ್ಯಂತ ತಡೆಯಿತು. ಅದು ಹೋದರೂ ಬೇರೆ ವಿಷಗಳು ಅಂಗಡಿಯಲ್ಲಿವೆ.

ಡಬ್ಬಿಯ ಮೇಲಿನ ತ್ರಿಕೋನದ ಬಣ್ಣ ನೋಡುವುದನ್ನು ಮನೆಯ ಎಲ್ಲರೂ ಕಲಿಯಬೇಕು. ಕೆಂಪು ಎಂದರೆ ಅತಿ ಘೋರ ವಿಷ. ಆಮೇಲೆ ಹಳದಿ, ನೀಲಿ, ಹಸಿರು ಎಂದು ತೀವ್ರತೆ ಇಳಿಯುತ್ತದೆ. ಹಸಿರು ಬಣ್ಣವೂ ಗರ್ಭಿಣಿಗೆ ಅನುಮತಿಯಲ್ಲ. ಅವಳು ಔಷಧಿ ಕಲಸಬಾರದು, ಹೊಡೆಯಬಾರದು, ಪಂಪಿನ ಪೈಪು ಹಿಡಿದು ಹಿಂದೆ ನಡೆಯಬಾರದು. ಕೊಳೆರೋಗಕ್ಕೆಂದು ಅಡಿಕೆ ತೋಟದಲ್ಲಿ ಮೈಲುತುತ್ತ ಮತ್ತು ಸುಣ್ಣ ಬೆರೆಸಿ ಬೋರ್ಡೋ ದ್ರಾವಣ ಕಲಸುವಾಗ ಮನೆಯ ಹೆಂಗಸರೇ ನೀರು ಹೊಯ್ಯುವುದು ರೂಢಿ. ಈ ಒಂದು ಮಳೆಗಾಲ ಆ ಕೆಲಸ ಬೇರೆಯವರದಾಗಲಿ. ಔಷಧಿ ಹೊಡೆದ ಹೊಲಕ್ಕೆ ಲೇಬಲ್ಲಿನಲ್ಲಿ ಹೇಳಿದಷ್ಟು ಕಾಲ ಕಳೆ ತೆಗೆಯಲು, ಹೂವು ತರಕಾರಿ ಬಿಡಿಸಲು ಅವಳನ್ನು ಕಳಿಸಬೇಡಿ. ಎಲೆಯ ಮೇಲಿನ ಇಬ್ಬನಿಯೊಂದಿಗೆ ಕೀಟನಾಶಕ ಅಂಗೈಗೆ ಸುಲಭವಾಗಿ ಹತ್ತುತ್ತದೆ. ಖಾಲಿಯಾದ ಡಬ್ಬಿಯನ್ನು ಎಷ್ಟು ತೊಳೆದರೂ ಎಣ್ಣೆಗೋ ನೀರಿಗೋ ಬಳಸಬಾರದು.

ಔಷಧಿಯ ಗಾಳಿ ತಾಗಿದ ಮೇಲೆ ಬಾಯಲ್ಲಿ ಜೊಲ್ಲು ಸುರಿಯುವುದು, ವಿಪರೀತ ಬೆವರು, ಕಣ್ಣು ಮಂಜಾಗುವುದು, ಮಾಂಸಖಂಡಗಳು ಅದುರುವುದು, ಉಸಿರು ಕಟ್ಟಿದಂತಾಗುವುದು ಕಂಡರೆ ಬಟ್ಟೆ ಕಳಚಿ, ಸೋಪುನೀರಿನಿಂದ ಮೈ ತೊಳೆದು, 108ಕ್ಕೆ ಕರೆ ಮಾಡಿ, ಆ ಡಬ್ಬಿಯನ್ನೇ ಚೀಲದಲ್ಲಿ ಕಟ್ಟಿಕೊಂಡು ಆಸ್ಪತ್ರೆಗೆ ಹೋಗಿ. ಯಾವ ವಿಷವೆಂದು ತಿಳಿದರೆ ವೈದ್ಯರಿಗೆ ಅಮೂಲ್ಯವಾದ ಹೊತ್ತು ಉಳಿಯುತ್ತದೆ.

ಕೊಂಡು ತಂದ ಸೊಪ್ಪು ತರಕಾರಿಯನ್ನು ಹರಿಯುವ ನೀರಿನಲ್ಲಿ ಕೈಯಿಂದ ಉಜ್ಜಿ ತೊಳೆಯಿರಿ. ಭಯದಿಂದ ಸೊಪ್ಪನ್ನೇ ಬಿಟ್ಟರೆ ಫೋಲಿಕ್ ಆಮ್ಲ, ಕಬ್ಬಿಣಾಂಶ ಎರಡೂ ಕೈತಪ್ಪುತ್ತವೆ.

ಐದನೆಯದು: ನೀರು ಮತ್ತು ಮೀನು

ನೀರನ್ನು ಕುದಿಸಿದರೆ ರೋಗಾಣು ಸಾಯುತ್ತದೆ, ಫ್ಲೋರೈಡ್, ಆರ್ಸೆನಿಕ್, ನೈಟ್ರೇಟುಗಳು ಹೋಗುವುದಿಲ್ಲ. ನೀರು ಆವಿಯಾದಷ್ಟೂ ಅವುಗಳ ಸಾಂದ್ರತೆ ಹೆಚ್ಚುತ್ತದೆ. ಈ ಒಂದು ಮಾತನ್ನು ಕೊಳವೆಬಾವಿಯ ನೀರು ಕುಡಿಯುವ ಪ್ರತಿಯೊಬ್ಬರೂ ನೆನಪಿಟ್ಟುಕೊಳ್ಳಬೇಕು. ಕೋಲಾರ, ಚಿಕ್ಕಬಳ್ಳಾಪುರ, ಪಾವಗಡದ ಕಡೆ ಫ್ಲೋರೈಡ್ ಹಳೆಯ ಸಮಸ್ಯೆ. ಯಾದಗಿರಿ ಜಿಲ್ಲೆಯ ಕಿರದಳ್ಳಿ ತಾಂಡಾದಲ್ಲಿ ಆರ್ಸೆನಿಕ್ ಜನರ ಚರ್ಮವನ್ನೇ ಸುಟ್ಟಿತು. ಗರ್ಭಿಣಿಯರಲ್ಲಿ ಆರ್ಸೆನಿಕ್ ಹೆಚ್ಚಿದ್ದರೆ ಗರ್ಭಪಾತ, ಸತ್ತ ಮಗು ಹುಟ್ಟುವುದು, ಕಡಿಮೆ ತೂಕ, ಇವುಗಳ ಸಂಭವ ಹೆಚ್ಚುತ್ತದೆ. ಕುಡಿಯುವ ನೀರಿನ ಭಾರತೀಯ ಮಾನದಂಡದ ಪ್ರಕಾರ ಒಂದು ಲೀಟರಿನಲ್ಲಿ ಆರ್ಸೆನಿಕ್ 0.01 ಮಿಲಿಗ್ರಾಂ, ನೈಟ್ರೇಟ್ 45 ಮಿಲಿಗ್ರಾಂ ಮೀರಬಾರದು. ಫ್ಲೋರೈಡ್ 1 ಮಿಲಿಗ್ರಾಂ ಒಳಗಿರಬೇಕು, ಬೇರೆ ಮೂಲವೇ ಇಲ್ಲದಿದ್ದರೆ 1.5ರವರೆಗೆ. ನಿಮ್ಮ ಕೊಳವೆಬಾವಿಯ ನೀರನ್ನು ಪರೀಕ್ಷೆ ಮಾಡಿಸಿಕೊಡಿ ಎಂದು ಗ್ರಾಮ ಪಂಚಾಯಿತಿಯಲ್ಲಿ ಬರವಣಿಗೆಯಲ್ಲಿ ಕೇಳಿ. ಫಲಿತಾಂಶ ಚೆನ್ನಾಗಿರದಿದ್ದರೆ ಕುಡಿಯಲು, ಅಡುಗೆಗೆ ಶುದ್ಧ ನೀರಿನ ಘಟಕದ ನೀರು ಅಥವಾ ಹೆಂಚಿನ ಮೇಲಿನಿಂದ ಸೋಸಿ ಹಿಡಿದ ಮಳೆನೀರು ಬಳಸಿ.

ಕರಾವಳಿಯವರು ಮೀನು ಬಿಡಬೇಕಿಲ್ಲ. ಬಿಟ್ಟರೆ ಮಗುವಿನ ಮಿದುಳಿಗೆ ಬೇಕಾದ ಕೊಬ್ಬಿನಾಂಶ ತಪ್ಪುತ್ತದೆ. ಸಣ್ಣ ಮೀನನ್ನು ದೊಡ್ಡದು, ದೊಡ್ಡದನ್ನು ಇನ್ನೂ ದೊಡ್ಡದು ತಿನ್ನುತ್ತಾ ಹೋದಂತೆ ಪಾದರಸ ಮೇಲಿನ ಮೀನಿನಲ್ಲಿ ಶೇಖರವಾಗುತ್ತದೆ. ಆದ್ದರಿಂದ ಬೂತಾಯಿ, ಬಂಗುಡೆ, ಕಾಣೆಯಂಥವು ವಾರಕ್ಕೆ ಎರಡು ಮೂರು ಸಲ ಇರಲಿ. ಶಾರ್ಕ್ ಬೇಡ, ದೊಡ್ಡ ಟ್ಯೂನಾ ಮತ್ತು ದೊಡ್ಡ ಅಂಜಲ್ ಅಪರೂಪಕ್ಕೆ ಸಾಕು. ಬಿಳಿ ಮಾಡುತ್ತೇವೆನ್ನುವ ಕೆಲವು ಮುಖದ ಕ್ರೀಮುಗಳಲ್ಲಿಯೂ ಪಾದರಸವಿರುತ್ತದೆ. ತಯಾರಕರ ವಿಳಾಸವೂ ಪದಾರ್ಥಗಳ ಪಟ್ಟಿಯೂ ಇಲ್ಲದ ಡಬ್ಬಿಯನ್ನು ಮುಟ್ಟಬೇಡಿ.

ಸಣ್ಣಪುಟ್ಟವು

ಕುದಿಯುವ ಸಾಂಬಾರು, ಕಾಫಿಯನ್ನು ಪ್ಲಾಸ್ಟಿಕ್ ಕವರಿನಲ್ಲಿ ಪಾರ್ಸಲ್ ತರುವ ಬದಲು ಸ್ಟೀಲ್ ಡಬ್ಬಿ ಒಯ್ಯಿರಿ. ಬಿಸಿ ಮತ್ತು ಜಿಡ್ಡು ಎರಡೂ ಪ್ಲಾಸ್ಟಿಕ್ಕಿನೊಳಗಿನ ರಾಸಾಯನಿಕಗಳನ್ನು ಎಳೆದು ತರುತ್ತವೆ. ಇಡ್ಲಿ ಬೇಯಿಸಲು ಪ್ಲಾಸ್ಟಿಕ್ ಹಾಳೆ ಬಳಸುವುದನ್ನು 2025ರಲ್ಲಿ ಕರ್ನಾಟಕ ಸರ್ಕಾರ ನಿಷೇಧಿಸಿದ್ದೂ ಈ ಕಾರಣಕ್ಕೇ. ಬಚ್ಚಲು ತೊಳೆಯುವ ಆಸಿಡ್ಡನ್ನು ಬ್ಲೀಚಿಂಗ್ ಪೌಡರಿನ ಜೊತೆ ಎಂದಿಗೂ ಸೇರಿಸಬೇಡಿ, ಕ್ಲೋರಿನ್ ಅನಿಲ ಏಳುತ್ತದೆ. ಸೀಮಂತದ ಮೆಹಂದಿಗೆ ಹಿತ್ತಲಿನ ಗೋರಂಟಿ ಸೊಪ್ಪನ್ನೇ ಅರೆಯಿರಿ. ಕೂಡಲೇ ಕಪ್ಪಾಗುವ ಕೋನ್‌ಗಳಲ್ಲಿ ತಲೆಗೂದಲಿನ ಡೈಗೆ ಹಾಕುವ ರಾಸಾಯನಿಕವಿರುತ್ತದೆ.

ವೈದ್ಯರಿಗೆ ಹೇಳುವುದು

ನಮ್ಮ ಆಸ್ಪತ್ರೆಗಳಲ್ಲಿ ನೂಕುನುಗ್ಗಲು ಹೆಚ್ಚು. ನೀವೇನು ಕೆಲಸ ಮಾಡುತ್ತೀರಿ ಎಂದು ಯಾರೂ ಕೇಳದೆ ಹೋಗಬಹುದು. ಮೊದಲು ಮಾಡಿಟ್ಟ ಪಟ್ಟಿಯನ್ನು ತಾಯಿ ಕಾರ್ಡಿನೊಳಗೆ ಇಟ್ಟುಕೊಂಡು, ನೀವಾಗಿಯೇ ತೋರಿಸಿ. ಬ್ಯಾಟರಿ ಕೆಲಸ, ಹಳೆಯ ಬಣ್ಣ ಕೆರೆದ ಧೂಳು, ಭಸ್ಮ, ಮಣ್ಣು ತಿನ್ನುವ ಅಭ್ಯಾಸ, ಇವುಗಳಲ್ಲಿ ಯಾವುದಾದರೂ ಇದ್ದರೆ ರಕ್ತದಲ್ಲಿ ಸೀಸದ ಪರೀಕ್ಷೆ ಬೇಕೇ ಎಂದು ಕೇಳಿ. ಒಂದು ಡೆಸಿಲೀಟರ್ ರಕ್ತದಲ್ಲಿ 5 ಮೈಕ್ರೋಗ್ರಾಂ ಅಥವಾ ಅದಕ್ಕಿಂತ ಹೆಚ್ಚಿದ್ದರೆ ಮೂಲವನ್ನು ಪತ್ತೆಹಚ್ಚಿ ನಿಲ್ಲಿಸಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯ 2021ರ ಮಾರ್ಗಸೂಚಿ ಹೇಳುತ್ತದೆ. ಈಗಾಗಲೇ ಏನಾದರೂ ಸೋಕಿಬಿಟ್ಟಿದೆ ಎಂದು ತಿಳಿದವರು ರಾತ್ರಿಯೆಲ್ಲ ನಿದ್ದೆಗೆಟ್ಟು ಕೊರಗುವುದನ್ನು ನಾನು ಕಂಡಿದ್ದೇನೆ. ಒಮ್ಮೆ ಬಣ್ಣದ ವಾಸನೆ ಕುಡಿದ ಮಾತ್ರಕ್ಕೆ ಮಗುವಿಗೆ ತೊಂದರೆಯಾಗುವುದು ತೀರಾ ಅಪರೂಪ. ದಿನದಿನವೂ ಸೇರುವುದನ್ನು ಇಂದಿನಿಂದ ನಿಲ್ಲಿಸಿದರೂ ಉಳಿದ ತಿಂಗಳುಗಳಲ್ಲಿ ಮಗುವಿಗೆ ಲಾಭವಿದೆ.

ಕೊನೆಯದು: ಅಟ್ಟದ ಮೇಲಿನ ಟ್ರಂಕು

ದಿನ ತುಂಬುತ್ತಾ ಬಂದಾಗ ನಮ್ಮ ಮನೆಗಳಲ್ಲಿ ಅಟ್ಟದಿಂದ ಹಳೆಯ ಟ್ರಂಕನ್ನು ಇಳಿಸುತ್ತಾರೆ. ಅಜ್ಜಿಯ ಮೆತ್ತನೆಯ ನೂಲಿನ ಸೀರೆಗಳು, ಹಿಂದಿನ ಮಗುವಿನ ಕುಲಾವಿ, ತೊಟ್ಟಿಲಿಗೆ ಹಾಸುವ ದುಪ್ಪಟಿ. ಅಕ್ಕನ ಹೆರಿಗೆಗೆ ಮುಂಚೆ ನಾವು ಟ್ರಂಕಿನ ಮುಚ್ಚಳ ತೆಗೆದಾಗ ಕಣ್ಣು ಉರಿಯುವಷ್ಟು ವಾಸನೆ ಬಂತು, ಮಡಿಕೆಗಳ ನಡುವಿನಿಂದ ಮೆಣಸಿನ ಕಾಳಿನಷ್ಟು ಸಣ್ಣಗಾದ ಬಿಳಿ ಗುಳಿಗೆಗಳು ಉರುಳಿದವು. ಹಾಕುವಾಗ ಗೋಲಿಯಷ್ಟಿದ್ದ ಡಾಂಬರು ಗುಳಿಗೆ ಅವು. ಕರಗಿಹೋದ ನ್ಯಾಫ್ತಲೀನ್ ಎಲ್ಲಿಗೂ ಹೋಗಿರಲಿಲ್ಲ, ಬಟ್ಟೆಯಲ್ಲೇ ಸೇರಿಕೊಂಡಿತ್ತು. ಜಿ6ಪಿಡಿ ಎಂಬ ಕಿಣ್ವದ ಕೊರತೆಯಿರುವ ಮಗುವಿಗೆ ಇಂಥ ಬಟ್ಟೆ ಹೊದಿಸಿದರೆ ಕೆಂಪು ರಕ್ತಕಣಗಳು ಒಡೆದು, ಕಾಮಾಲೆ ಮಿದುಳಿಗೆ ಏರುವಷ್ಟು ತೀವ್ರವಾಗಬಹುದು. ಆ ಕೊರತೆ ಇದೆಯೆಂದು ಹುಟ್ಟುವ ಮೊದಲು ಯಾರಿಗೂ ಗೊತ್ತಿರುವುದಿಲ್ಲ.

ಆದ್ದರಿಂದ ಟ್ರಂಕನ್ನು ಹೆರಿಗೆಗೆ ಒಂದು ತಿಂಗಳು ಮುಂಚೆಯೇ, ಗರ್ಭಿಣಿಯಲ್ಲದ ಯಾರಾದರೂ ಹೊರಗೆ ತಂದು ತೆರೆಯಲಿ. ಗುಳಿಗೆಗಳನ್ನು ಮಕ್ಕಳ ಕೈಗೆ ಸಿಗದಂತೆ ತೆಗೆದುಹಾಕಿ, ಬಟ್ಟೆಗಳನ್ನು ನಾಲ್ಕೈದು ದಿನ ಬಿಸಿಲು ಗಾಳಿಗೆ ಹರವಿ, ಸೋಪು ಹಾಕಿ ಎರಡು ಸಲ ಒಗೆದು, ಮೂಗಿಗೆ ಹಿಡಿದರೆ ವಾಸನೆ ಉಳಿದಿಲ್ಲವೆಂದು ಖಾತ್ರಿಯಾದ ಮೇಲೆ ಮಾತ್ರ ತೊಟ್ಟಿಲಿಗೆ ಹಾಸಿ. ಮತ್ತೆ ಮಡಿಸಿಡುವಾಗ ಒಣಗಿದ ಬೇವಿನ ಎಲೆಯೋ ಲಾವಂಚದ ಬೇರೋ ಸಾಕು. ಮಗು ಹುಟ್ಟಿದ ಮೊದಲ 24 ಗಂಟೆಗಳಲ್ಲೇ ಮೈ ಹಳದಿಯಾದರೆ, ಅಥವಾ ಯಾವಾಗಲಾದರೂ ಅಂಗೈ ಅಂಗಾಲಿಗೆ ಹಳದಿ ಇಳಿದರೆ, ಹಾಲು ಕುಡಿಯಲು ಒಲ್ಲೆನೆಂದರೆ, ಬಿಸಿಲಿಗೆ ಹಿಡಿದು ಕಾಯದೆ ಕೂಡಲೇ ಆಸ್ಪತ್ರೆಗೆ ಕರೆದೊಯ್ಯಿರಿ; ಹೊದಿಸಿದ ಬಟ್ಟೆಯಲ್ಲಿ ಡಾಂಬರು ಗುಳಿಗೆ ಇತ್ತೆಂಬುದನ್ನು ವೈದ್ಯರಿಗೆ ಮೊದಲ ಮಾತಿನಲ್ಲೇ ತಿಳಿಸಿ.